ವಾಡಿ ಬರುವ ತನಕ

ನಮ್ಮ ಸಂಘದ ಸಭೆಯಲ್ಲಿ ಒಂದು ರೂಢಿ ಇದೆ. ಮಾತೆಲ್ಲ ಮುಗಿದು ಇನ್ನೇನು ಕೈ ಎತ್ತಬೇಕು ಎನ್ನುವಾಗ ಯಾರಾದರೊಬ್ಬರು ಕೇಳುತ್ತಾರೆ, "ವಾಡಿ ಬಂತೇನ್ರಿ?" ಕೂತವರು ಅತ್ತಿತ್ತ ತಿರುಗಿ ನೋಡುತ್ತಾರೆ. ಬರಬೇಕಾದವರೆಲ್ಲ ಬಂದಿದ್ದರೆ "ಬಂತು" ಎನ್ನುತ್ತಾರೆ. ಕೈಗಳು ಮೇಲೇಳುವುದು ಆಮೇಲೆಯೇ. ಸಭೆ ನಡೆಯುವುದು ಶಹಾಬಾದಿನಲ್ಲಿ, ನಮ್ಮ ಹೊಲಿಗೆ ಶೆಡ್ಡಿನ ಹಿಂದಿನ ಅಂಗಳದಲ್ಲಿ. ಅಲ್ಲಿ ಕೂತವರಿಗೆ ವಾಡಿ ಸ್ಟೇಷನ್ನು ಯಾವ ದಿಕ್ಕಿನಿಂದಲೂ ಬರುವುದಿಲ್ಲ.

ಹೋದ ತಿಂಗಳು, ಹೊಸದಾಗಿ ಸೇರಿದ ಒಬ್ಬಳು ಎದ್ದು ನಿಂತು ಕೇಳಿಯೇ ಬಿಟ್ಟಳು. "ಪ್ರತೀ ಸಲ ವಾಡಿ ಬಂತೇನು, ವಾಡಿ ಬಂತೇನು ಅಂತೀರಿ. ಅಲ್ಲಿಂದ ಯಾರ್ ಬರಾಕತ್ತಾರ?" ಎಲ್ಲರೂ ನಕ್ಕರು. ಅವಳು ಚಿತ್ತಾಪುರದಿಂದ ಬಸ್ಸಿಗೆ ಬರುವವಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ರೈಲು ಹತ್ತುವವರು ಕಡಿಮೆಯಾಗಿದ್ದಾರೆ. ರೈಲಿನ ಸಂಗತಿ ಹೊಸಬರಿಗೆ ತಿಳಿಯದು. ಸಂಘದ ಚರಿತ್ರೆಯನ್ನು ಬರೆದಿಡಬೇಕೆಂದು ಅಂದೇ ತೀರ್ಮಾನವಾಯಿತು. ನಾನು ಬಿ.ಎ. ಎರಡನೇ ವರ್ಷದ ತನಕ ಓದಿದವಳು. ಪೆನ್ನು ನನ್ನ ಕೈಗೆ ಬಂತು.

ಮೊದಲು ಹೀಗೆ ಬರೆದೆ: ನಮ್ಮ ಸಂಘ ಹುಟ್ಟಿದ್ದು ರೈಲಿನಲ್ಲಿ.

ಓದಿ ತೋರಿಸಿದಾಗ ಹಳಬರು ತಲೆದೂಗಿದರು. ಅವರು ಅಷ್ಟು ಸಲೀಸಾಗಿ ತಲೆದೂಗಿದ್ದೇ ನನಗೆ ಸರಿಬರಲಿಲ್ಲ. ರೈಲಿನಲ್ಲಿ ಹುಟ್ಟಿತು ಎಂದರೆ ಪಕ್ಕದ ಭಂಕೂರಿನಿಂದ ನಡೆದು ಬರುತ್ತಿದ್ದವರು ಆಗ ಎಲ್ಲಿದ್ದರು? ಆ ವಾಕ್ಯದಲ್ಲಿ ಅವರು ಇಲ್ಲವೇ ಇಲ್ಲ. ಹೊಡೆದು ಹಾಕಿದೆ. ಈಗ ಬರೆಯುತ್ತಿರುವುದು ನಾಲ್ಕನೆಯ ಸಲದ್ದು. ಇದೂ ಪೂರ್ತಿ ಸರಿಯಿದೆ ಎಂದು ಹೇಳಲಾರೆ.

ಶೆಡ್ಡು ಮೊದಲು ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಪಾಲಿಶ್ ಮಾಡುವ ಜಾಗವಾಗಿತ್ತು. ಆಮೇಲೆ ಯಾರೋ ಅದನ್ನು ಹಿಡಿದು ಹೊಲಿಗೆ ಮಷೀನು ಹಾಕಿದರು. ಶಾಲೆಯ ಮಕ್ಕಳ ಅಂಗಿ ನಮ್ಮ ಕೆಲಸ. ಮೊದಲ ವರ್ಷ ಎಷ್ಟು ಗುಡಿಸಿದರೂ ಮೂಲೆಮೂಲೆಯಿಂದ ಕಲ್ಲಿನ ಪುಡಿ ಏಳುತ್ತಿತ್ತು.

ಅಂಥ ಕಡೆ ಒಂದು ಅಂಗಿಯನ್ನು ಯಾರೂ ಪೂರ್ತಿ ಹೊಲಿಯುವುದಿಲ್ಲ. ಒಬ್ಬಳು ಕಿಸೆ ಕೂರಿಸುತ್ತಾಳೆ, ಒಬ್ಬಳು ಹೆಗಲು ಕೂಡಿಸುತ್ತಾಳೆ, ಮುಂದಿನವಳು ಕಾಲರು, ಅದರ ಮುಂದಿನವಳು ತೋಳು. ಅಂಗಿ ಕೈಯಿಂದ ಕೈಗೆ ಹೋಗುತ್ತಾ ಅಂಗಿಯಾಗುತ್ತದೆ. ನಮ್ಮಲ್ಲಿ ತಂದೆತಾಯಿ ಇಟ್ಟ ಹೆಸರಿಗಿಂತ ಈ ಹೆಸರುಗಳೇ ಓಡುತ್ತಿದ್ದವು. "ಏ ಕಿಸೆ, ಇತ್ತಾಗ ನೀರ್ ಕೊಡವ್ವ." "ತೋಳಿನಕ್ಕ ಇವತ್ತ ರಜಾ ಹಾಕ್ಯಾಳ." ನನ್ನ ಹೆಸರು ಜೋಡಿ. ನನಗೆ ಮಷೀನು ಇರಲಿಲ್ಲ. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಕತ್ತರಿಸುವಾಗ ಒಂದೇ ಪದರದಿಂದ ಬಂದ ತುಂಡುಗಳಿಗೆಲ್ಲ ಒಂದೇ ನಂಬರಿನ ಸಣ್ಣ ಚೀಟಿ ಅಂಟಿಸಿರುತ್ತಾರೆ. ಹದಿನೇಳನೆಯ ನಂಬರಿನ ಅಂಗಿಯ ಮೈಗೆ ಹದಿನೇಳರ ಕಾಲರೇ ಕೂಡಬೇಕು. ತಪ್ಪಿದರೆ ಬಣ್ಣ ತುಸು ಹೆಚ್ಚುಕಡಿಮೆಯಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಅದು ಕಾಣುವುದಿಲ್ಲ, ಬಿಸಿಲಿಗೆ ಹಿಡಿದರೆ ಕಾಣುತ್ತದೆ. ನಂಬರು ನೋಡಿ ಮೈಯ ಮೇಲೆ ಕಾಲರಿಟ್ಟು ಬಲಕ್ಕೆ ಸರಿಸುವುದೇ ನನ್ನ ಕೆಲಸ.

ನನ್ನ ಬಲಗಡೆ ಕೂರುತ್ತಿದ್ದವಳು ಭಂಕೂರಿನ ಕಾಲರಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಕಲ್ಲಿನ ಕೆಲಸ ಇದ್ದಾಗ ಇದೇ ಶೆಡ್ಡಿನಲ್ಲಿ ಫರಸಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ನಮಗೆಲ್ಲ ಬೂದಿ ಬಣ್ಣವೆಂದು ಕಾಣುವ ಕಲ್ಲಿನಲ್ಲಿ ಅವಳಿಗೆ ಐದಾರು ಬಗೆ ಕಾಣುತ್ತಿದ್ದವು. ನಾನು ಇಟ್ಟ ಕಾಲರಿನ ನಂಬರನ್ನು ಅವಳು ಒಮ್ಮೆಯೂ ತಿರುಗಿಸಿ ನೋಡಿದವಳಲ್ಲ. ಇಟ್ಟಿದ್ದನ್ನು ಹೊಲಿಯುತ್ತಿದ್ದಳು. ಇದನ್ನು ನೆನಪಿಡಬೇಕು.

ನಾನು ಮಳಖೇಡದವಳು. ಸೇಡಂ, ಮಳಖೇಡ, ಚಿತ್ತಾಪುರದ ನಾವೆಲ್ಲ ಬೆಳಗಿನ ಪ್ಯಾಸೆಂಜರಿಗೆ ಬರುತ್ತಿದ್ದೆವು. ಸೇಡಂನ ತೋಳಿನಕ್ಕ ಮೊದಲೇ ಹತ್ತಿಕೊಂಡು ಸೆರಗು, ಚೀಲ, ಟವೆಲು ಹಾಸಿ ನಮಗೆಲ್ಲ ಜಾಗ ಹಿಡಿದಿರುತ್ತಿದ್ದಳು. ಅವಳ ಪಕ್ಕ ಕಿಸೆ. ಅವಳದು ಚಿಂಚೋಳಿ ಕಡೆಯ ಚಂದ್ರಂಪಳ್ಳಿ. ಸೇಡಂನಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಿದ್ದಳು. ಗಾಡಿ ವಾಡಿಯಲ್ಲಿ ಬಹಳ ಹೊತ್ತು ನಿಂತು, ಆಮೇಲೆ ಹತ್ತು ಹನ್ನೆರಡು ನಿಮಿಷದಲ್ಲಿ ಶಹಾಬಾದಿಗೆ ಮುಟ್ಟಿಸುತ್ತಿತ್ತು. ಗಾಡಿ ತಡವಾದರೆ ಶೆಡ್ಡಿನ ಗೇಟಿಗೆ ಬೀಗ. ಊಟದ ಹೊತ್ತಿನವರೆಗೆ ಹೊರಗೆ ಬೇವಿನ ಗಿಡದ ಕೆಳಗೆ ಕೂರಬೇಕು. ಅರ್ಧ ದಿನ ಹೋಯಿತೆಂದೇ ಲೆಕ್ಕ.

"ಗಾಡಿ ಲೇಟಾದ್ರ ನಾವೇನ್ ಇಳದು ನೂಕಬೇಕೇನು?" ಎಂದು ತೋಳಿನಕ್ಕ ಒಂದು ದಿನ ಸಿಟ್ಟಿಗೆದ್ದಳು.

"ನೂಕಿದ್ರೂ ಆ ಮ್ಯಾನೇಜರ್ ಗೇಟ್ ತೆಗಿಯಂಗಿಲ್ಲಕ್ಕ," ಎಂದಳು ಕಿಸೆ. "ಅದಕ್ಕ ಹಿಂಗ ಮಾಡಮು. ಒಂದ್ ದಿನ ನಾವೇ ಮಷೀನ್ ನಿಂದ್ರಸಮು. ಒಂದ್ ತಾಸು. ಲೇಟ್ ಅಂದ್ರ ಹ್ಯಾಂಗಿರ್ತದ ಅಂತ ಅವನಿಗೂ ಗೊತ್ತಾಗ್ಲಿ."

ಅಲ್ಲಿಂದ ಎಂಟು ದಿನವೋ ಹದಿನೈದು ದಿನವೋ ಗಾಡಿಯಲ್ಲಿ ಅದೇ ಮಾತು. ಶೇಂಗಾ ಸುಲಿಯುತ್ತಾ, ಒಬ್ಬರ ತಲೆ ಒಬ್ಬರು ಬಾಚುತ್ತಾ, ಸಂಘ ಅಂತ ಒಂದು ಮಾಡಿಕೊಂಡೆವು. ಹತ್ತರ ಗಂಟೆ ಹೊಡೆದಾಗ ಎಲ್ಲರೂ ಕೆಲಸದಿಂದ ಕೈ ಬಿಡುವುದೆಂದು ನಿಶ್ಚಯವಾಯಿತು. ಯಾರು ಏನು ಹೇಳಬೇಕು, ಮ್ಯಾನೇಜರು ಬಂದರೆ ಯಾರು ಎದ್ದು ನಿಲ್ಲಬೇಕು, ಎಲ್ಲ ಗೊತ್ತು ಮಾಡಿಕೊಂಡೆವು. ಎಷ್ಟು ಮಾತಾಡಿದೆವೆಂದರೆ ಇಡೀ ಶೆಡ್ಡಿಗೆ ಗೊತ್ತಿದೆ ಎಂದೇ ಅನ್ನಿಸಿಬಿಟ್ಟಿತು. ಅದೇ ನಮ್ಮ ತಪ್ಪು. ಶಹಾಬಾದಿನವರು, ಭಂಕೂರಿನವರು ಅರ್ಧದಷ್ಟಿದ್ದರು. ಅವರು ನಡೆದು ಬರುತ್ತಿದ್ದರು, ತಡವೇ ಆಗುತ್ತಿರಲಿಲ್ಲ. ಅವರಿಗೆ ಹೇಳಬಾರದೆಂದು ಯಾರೂ ಅಂದುಕೊಂಡಿರಲಿಲ್ಲ. ಹೇಳಬೇಕೆಂದೂ ಯಾರಿಗೂ ಹೊಳೆಯಲಿಲ್ಲ.

ಹತ್ತರ ಗಂಟೆ ಹೊಡೆಯಿತು. ಎರಡನೆಯ ಸಲ ಬರೆದಾಗ ಇಲ್ಲಿ "ಶೆಡ್ಡು ಒಮ್ಮೆಲೇ ಸ್ತಬ್ಧವಾಯಿತು" ಎಂದು ಬರೆದಿದ್ದೆ. ಸ್ತಬ್ಧವಾಗಲಿಲ್ಲ. ಅರ್ಧ ಮಷೀನು ನಿಂತವು, ಅರ್ಧ ಓಡುತ್ತಲೇ ಇದ್ದವು. ಒಂದು ಫೇಸಿನ ಕರೆಂಟು ಹೋಗಿದೆ ಎಂದುಕೊಂಡರಂತೆ ಭಂಕೂರಿನವರು. ನಾವು ಕೈ ಬಿಟ್ಟು ಸುಮ್ಮನೆ ಕೂತಿದ್ದನ್ನು ನೋಡಿ, ಕರೆಂಟು ಬರಲಿ ಎಂದು ಕಾಯುತ್ತಿದ್ದಾರೆ ಅಂದುಕೊಂಡು ತಮ್ಮ ಪಾಡಿಗೆ ಹೊಲಿದರು.

ನಾನು ಕೈಗಳನ್ನು ಉಡಿಯಲ್ಲಿಟ್ಟುಕೊಂಡೆ. ಕಾಲರಕ್ಕನಿಗೆ ಕಣ್ಸನ್ನೆ ಮಾಡಿದೆ ಎಂದು ನನ್ನ ನೆನಪು. ನಾನು ಅವಳ ಕಡೆ ತಿರುಗಲೇ ಇಲ್ಲ ಎಂದು ಅವಳ ನೆನಪು. ನನಗೆ ಮೈಯಲ್ಲಿ ಹುಷಾರಿಲ್ಲ ಎಂದುಕೊಂಡ ಅವಳು ಎದ್ದು ಬಂದು, ನನ್ನ ಮುಂದಿನ ಎರಡೂ ಗುಡ್ಡೆಗಳನ್ನು, ಮೈಯದೊಂದು ಕಾಲರಿನದೊಂದು, ತಾನೇ ಎತ್ತಿಕೊಂಡು ಹೋದಳು. ಮೇಲಿನಿಂದ ಒಂದಕ್ಕೊಂದು ಇಟ್ಟು ಹೊಲಿಯತೊಡಗಿದಳು. ಗುಡ್ಡೆ ನಾನು ಜೋಡಿಸಿದ್ದು, ಸಾಲಾಗಿಯೇ ಇರುತ್ತದೆ ಎಂಬ ಭರವಸೆ.

ಒಂದು ತಾಸಾದ ಮೇಲೆ ಮ್ಯಾನೇಜರು ಬಂದರು, ತೋಳಿನಕ್ಕ ಎದ್ದು ನಿಂತಳು. ಗಾಡಿ ತಡವಾದ ದಿನ ಗೇಟು ತೆಗೆಸುತ್ತೇನೆ ಎಂದು ಅವರು ಹೇಳಿಹೋದರು. ನಾವು ಗೆದ್ದೆವು. ಊಟದ ಹೊತ್ತಿಗೆ ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಡಬ್ಬಿಯಿಂದ ಡಬ್ಬಿಗೆ ಓಡಾಡಿದವು. ಊಟಕ್ಕೆಂದು ಏಳುವಾಗ ಸೆರಗು ಕೊಡವಿದೆ. ಉಡಿಯಿಂದ ಒಂದು ಕಾಲರು ಕೆಳಗೆ ಬಿತ್ತು.

ಹದಿನೇಳನೆಯ ನಂಬರು. ಗಂಟೆ ಹೊಡೆದಾಗ ನನ್ನ ಕೈಯಲ್ಲಿದ್ದದ್ದು. ಅದೊಂದು ಗುಡ್ಡೆಯಲ್ಲಿ ಇಲ್ಲವೆಂದರೆ ಹದಿನೇಳರ ಮೈಗೆ ಹದಿನೆಂಟರ ಕಾಲರು ಕೂಡಿರುತ್ತದೆ, ಹದಿನೆಂಟಕ್ಕೆ ಹತ್ತೊಂಬತ್ತು, ಹೀಗೆ ಕೊನೆಯ ತನಕ. ಆ ಸಲ ಬೇರೆ ಬೇರೆ ಥಾನಿನ ತುಂಡುಗಳನ್ನು ಕೂಡಿಸಿ ಹಾಸಿ ಕತ್ತರಿಸಿದ್ದರು. ಎರಡು ಮೂರು ಪದರಕ್ಕೊಮ್ಮೆ ಬಣ್ಣ ಬದಲಾಗುತ್ತಿತ್ತು. ಅದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲೇ ಎದ್ದು ಹೇಳಬಹುದಾಗಿತ್ತು. ಕಾಲರನ್ನು ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮಳಖೇಡಕ್ಕೆ ಹೋದೆ. ಯಾಕೆ ಎಂದು ಮೂರು ಸಲ ಬರೆದೆ, ಮೂರು ಕಾರಣ ಬರೆದೆ. ಒಂದೂ ನಂಬುವ ಹಾಗಿರಲಿಲ್ಲ. ಗೆದ್ದ ದಿನ ಬಾಯಿ ಬಿಡಲು ಆಗಲಿಲ್ಲ, ಅಷ್ಟೇ.

ನಾಲ್ಕು ದಿನಕ್ಕೆ ಅಂಗಿಗಳು ತಪಾಸಣೆಯಿಂದ ತಿರುಗಿ ಬಂದವು. ಮೂರಕ್ಕೊಂದರ ಕಾಲರು ಬೇರೆ ಬಣ್ಣ. ಕಾಲರು ಹಚ್ಚಿದವಳು ಯಾರು? ಕಾಲರಕ್ಕ. ನಾಳೆಯಿಂದ ಬರಬೇಡ ಎಂದರು. ಅವಳು ಕತ್ತರಿ, ಬಾಬಿನ್ನು ಮಷೀನಿನ ಮೇಲಿಟ್ಟು, ಡಬ್ಬಿ ತೆಗೆದುಕೊಂಡು ಹೋದಳು. ಗೇಟು ನಮಗಾಗಿ ತೆರೆದೇ ಇತ್ತು; ಅವಳು ಅದರಲ್ಲೇ ಹೊರಟಳು.

ಮರುದಿನ ಗಾಡಿಯಲ್ಲಿ ನಾನು ಚೀಲದಿಂದ ಕಾಲರು ತೆಗೆದು ಎಲ್ಲರಿಗೂ ತೋರಿಸಿ, ಆದದ್ದನ್ನು ಹೇಳಿದೆ.

"ಅಕಿ ನಮ್ಮ ಸಂಘದಾಕಿ ಅಲ್ಲಲ್ಲ," ಎಂದಳು ಒಬ್ಬಳು, ಮೆಲ್ಲಗೆ.

"ಬಾ ಅಂತ ಕರದೀವೇನು ನಾವು?" ಎಂದಳು ತೋಳಿನಕ್ಕ.

ಕಿಸೆ ಕಾಲರನ್ನು ಮಡಿಚಿ ನನ್ನ ಚೀಲದೊಳಗೆ ತಿರುಗಿ ಇಟ್ಟಳು.

ವಾರದ ರಜೆಗೆ ನಾನು, ಕಿಸೆ ಭಂಕೂರಿಗೆ ಹೋದೆವು. ಕಾಲರಕ್ಕ ಮನೆಯ ಮುಂದೆ ತೊಗರಿ ಬೇಳೆ ಕೇರುತ್ತಾ ಕೂತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಬರ್ರಿ ಬರ್ರಿ, ಗಾಡಿಯವ್ರು ಬಂದಾರ. ನಮ್ಮ ಮನಿ ಮುಂದ ಸ್ಟೇಷನ್ ಇಲ್ಲ, ಹ್ಯಾಂಗ ಇಳದ್ರಿ?"

"ನಡ್ಕೋತ ಬಂದೀವಿ ಅಕ್ಕ," ಎಂದಳು ಕಿಸೆ.

"ಹಂಗಾದ್ರ ಕಾಲು ನೊಂದಿರ್ತಾವ. ಕುಂದ್ರಿ. ರೂಢಿ ಇಲ್ಲಲ್ಲ ನಿಮಗ."

ನಾನು ಕಾಲರನ್ನು ಮೊರದ ಅಂಚಿಗೆ ಇಟ್ಟೆ. ಅವಳು ತಿರುಗಿಸಿ ಚೀಟಿ ನೋಡಿದಳು. ಎದ್ದು ಬಾಗಿಲ ಹೊರಗೆ ಬಿಸಿಲಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಅದಕ್ಕ ಮತ್ತ," ಎಂದಳು. "ಅವತ್ತ ಕೊನೀಗಿ ಒಂದ್ ಅಂಗಿ ಬೋಳ ಉಳೀತು. ಕಾಲರ್ ಒಂದ್ ಕಮ್ಮಿ ಅದ ಅಂತ ಸೂಪರ್‌ವೈಜರಗ ಕೇಳಿದೆ. ಅಂವ ಎಲ್ಲಿಂದೋ ಒಂದ್ ತಂದು ಒಗದು ಹೋದ. ನಂಬರ್ ಇಲ್ಲ, ಏನಿಲ್ಲ. ಆಗೇ ಸಂಶೆ ಬರಬೇಕಿತ್ತು ನನಗ."

"ತಪ್ಪು ನಂದು ಅಕ್ಕ. ನಾಳೆ ಹೋಗಿ ನಾನೇ ಹೇಳ್ತೀನಿ."

"ನೀ ಒಬ್ಬಾಕಿ ಹೇಳಿದ್ರ ನಿನ್ನೂ ಹೊರಗ ಹಾಕ್ತಾರ. ಇಬ್ಬರೂ ಕೂಡಿ ಇಲ್ಲೇ ಬ್ಯಾಳಿ ಕೇರಮು, ಬಾ." ಮೊರ ಕೆಳಗಿಟ್ಟಳು. "ಒಂದ್ ಹೇಳು ನನಗ. ಅವತ್ತ ಯಾಕ್ ಹೇಳ್ಲಿಲ್ಲ?"

"ಕಣ್ಸನ್ನಿ ಮಾಡಿದ್ದೆ ಅಕ್ಕ."

"ಯಾವ್ ಸನ್ನಿ? ನೀ ನನ್ನ ಕಡೀ ನೋಡೇ ಇಲ್ಲ. ನನ್ನ ಎಡಗಡಿ ಕುಂದ್ರಾಕಿ ನೀ, ಒಂದ್ ಮೊಳ ದೂರ. ಸೇಡಂನಿಂದ ಶಹಾಬಾದ್ ತನಕ ಬಂದ ಮಾತು ಆ ಒಂದ್ ಮೊಳ ಬರ್ಲಿಲ್ಲಲ್ಲ?"

ಅವಳು ಒಳಗೆ ಹೋಗಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು. ತಾನು ಉಣ್ಣದೆ ನಮ್ಮನ್ನೇ ನೋಡುತ್ತಾ ಕೂತಳು.

"ನನಗ ಆ ಮಷೀನ್ ಬೇಕು," ಎಂದಳು ಕಡೆಗೆ. "ಕಲ್ಲು ಬಿಟ್ಟ ಮ್ಯಾಲ ಕಲ್ತ ಕೆಲ್ಸ ಅದೊಂದೇ. ಮಷೀನ್ ನಿಂದ್ರಸಿದವ್ರು ಎಷ್ಟ್ ಮಂದಿ ಇದ್ರಿ? ಎಲ್ಲಾರೂ ಹೇಳ್ರಿ. ನಾವು ಕೈ ಬಿಟ್ಟೀವಿ, ಅದಕ್ಕ ಜೋಡಿ ತಪ್ಪ್ಯಾದ ಅಂತ."

ಮರುದಿನ ಗಾಡಿಯಲ್ಲಿ ಕೂತು ಮ್ಯಾನೇಜರಿಗೆ ಹಾಗೆಯೇ ಒಂದು ಕಾಗದ ಬರೆದೆವು. ಗಾಡಿಯ ಅಲ್ಲಾಟಕ್ಕೆ ನನ್ನ ಅಕ್ಷರ ಸೊಟ್ಟಗಾಗಿದ್ದವು. ಕೈ ಬಿಟ್ಟವರೆಲ್ಲ ಸಹಿ ಮಾಡಿದರು. ಕೊನೆಗೆ ಸೂಪರ್‌ವೈಜರು ನಂಬರಿಲ್ಲದ ಕಾಲರು ತಂದು ಕೊಟ್ಟದ್ದನ್ನೂ ಸೇರಿಸಿ, ಹದಿನೇಳರ ಕಾಲರನ್ನು ಟಾಚಣಿಯಿಂದ ಕಾಗದಕ್ಕೆ ಚುಚ್ಚಿ ಮ್ಯಾನೇಜರ ಮೇಜಿನ ಮೇಲಿಟ್ಟೆವು. ಅವರು ಕಾಗದಕ್ಕಿಂತ ಹೆಚ್ಚು ಹೊತ್ತು ಕಾಲರನ್ನು ನೋಡಿದರು.

"ಇಷ್ಟ್ ಮಂದೀನ ತಗದ್ರ ಲೈನ್ ನಡಸವ್ರು ಯಾರು?" ಎಂದರು. ನಮ್ಮನ್ನು ಕೇಳಿದ್ದಲ್ಲ, ತಮ್ಮಷ್ಟಕ್ಕೆ ತಾವೇ. ಆಮೇಲೆ ತಿರುಗಿ ಬಂದ ಅಂಗಿಗಳ ರಾಶಿಯನ್ನು ಮೂಲೆಯಲ್ಲಿ ತೋರಿಸಿದರು. "ಸಾಲಿ ಶುರು ಆಗ್ತಾವ. ಇವನ್ನ ಬಿಚ್ಚಿ ಮತ್ತ ಕೂಡಸವ್ರು ಯಾರು? ಚೀಟಿ ಎಲ್ಲಾ ಕಿತ್ತು ಹೋಗ್ಯಾವ."

"ಬಿಚ್ಚೋದು ನಾವು ಬಿಚ್ಚತೀವ್ರಿ," ಎಂದಳು ತೋಳಿನಕ್ಕ. "ಚೀಟಿ ಇಲ್ದ ಬಣ್ಣ ಹಿಡಿಯಾಕಿ ಒಬ್ಬಾಕೇ ಅದಾಳ. ಅಕಿಗಿ ನೀವು ಮನೀಗಿ ಕಳಿಸೀರಿ."

ಒಂದು ವಾರದ ಮಟ್ಟಿಗೆ ಕರೆಸಿರಿ ಎಂದರು.

ಕಾಲರಕ್ಕ ಬಂದಳು. ಬಿಚ್ಚಿದ ಅಂಗಿಗಳನ್ನು ಹಿಂದಿನ ಅಂಗಳದ ಫರಸಿಗಳ ಮೇಲೆ ಬಿಸಿಲಿಗೆ ಹರವಿದೆವು. ಒಂದೊಂದರ ಮೇಲೆ ಒಂದೊಂದು ಕಾಲರು. ಅವಳು ಚಪ್ಪಲಿ ಬಿಟ್ಟು ನಡುವೆ ಓಡಾಡುತ್ತಾ, ಇದನ್ನು ಅಲ್ಲಿಗೆ, ಅದನ್ನು ಇಲ್ಲಿಗೆ ಬದಲಿಸುತ್ತಾ ಹೋದಳು. "ಇದು ಅದರ ತಂಗಿ. ಇದು ಯಾರ ಮಗಳೋ ಏನೋ, ಬಾಜೂಕ ಇಡ್ರಿ." ಕಲ್ಲು ವಿಂಗಡಿಸಿದ ಜಾಗದಲ್ಲೇ ಬಟ್ಟೆ ವಿಂಗಡಿಸಿದಳು.

ಈ ಭಾಗ ಬರೆಯುವಾಗ ಕೈ ಸಲೀಸಾಗಿ ಓಡುತ್ತದೆ. ಅದಕ್ಕೇ ಇಲ್ಲಿ ತಡೆಯುತ್ತೇನೆ. ಅದು ಒಂದು ಬೆಳಗಿನ ಕೆಲಸವಲ್ಲ, ಐದು ದಿನ ಹಿಡಿಯಿತು. ಕೆಲವು ಅಂಗಿಗಳು ಯಾವುದಕ್ಕೂ ಹೊಂದಲಿಲ್ಲ. ಅಂಗಿ ತಿಳಿನೀಲಿ ಎಂದು ನನ್ನ ನೆನಪು. ಬೂದು ಎಂದು ಕಿಸೆ ಆಣೆ ಮಾಡುತ್ತಾಳೆ. ಕಾಲರಕ್ಕನ ಕೆಲಸ ನೋಡಿ ಮ್ಯಾನೇಜರು ಕರಗಿದರು ಎಂದು ಕೆಲವರು ಹೇಳುತ್ತಾರೆ. ಕರಗಲಿಲ್ಲ. ವಾರ ಮುಗಿದರೆ ಅವಳು ಮನೆಗೆ ಹೋಗಬೇಕಿತ್ತು, ಅದು ಎಲ್ಲರಿಗೂ ಗೊತ್ತಿತ್ತು.

ಆ ವಾರದ ನಡುವೆ ಒಂದು ಬೆಳಗ್ಗೆ ನಮ್ಮ ಗಾಡಿ ವಾಡಿಯಲ್ಲಿ ನಿಂತಾಗ ಪ್ಲಾಟ್‌ಫಾರ್ಮಿನ ಮೇಲೆ ಕಾಲರಕ್ಕ ನಿಂತಿದ್ದಳು. ಅವಳ ಹಿಂದೆ ಭಂಕೂರಿನ, ಶಹಾಬಾದಿನ ಹೆಂಗಸರು, ಡಬ್ಬಿ ಹಿಡಿದು. ಶೆಡ್ಡಿನ ಪಕ್ಕದಲ್ಲೇ ಮನೆಯಿದ್ದವರು ಬೆಳಗಾಗುವುದಕ್ಕೆ ಮುಂಚೆ ಎದ್ದು, ಎದುರು ದಿಕ್ಕಿನ ಗಾಡಿ ಹತ್ತಿ, ಕೆಲಸದಿಂದ ದೂರ ವಾಡಿಗೆ ಬಂದಿದ್ದರು. ನಮ್ಮ ಗಾಡಿಯಲ್ಲಿ ಕೂತು ಮತ್ತೆ ಅಲ್ಲಿಗೇ ಹೋಗುವುದಕ್ಕೆ.

"ಯಕ್ಕಾ, ಊರ್ ಬಿಟ್ಟು ಊರಿಗಿ ಹೊಂಟೀರೇನು?" ಎಂದು ಕಿಸೆ ಕಿಟಕಿಯಿಂದ ಕೂಗಿದಳು.

"ನಿಮ್ಮ ಸಂಘ ಗಾಡ್ಯಾಗ ಕುಂದರ್ತದಂತ, ನೋಡಮಂತ ಬಂದೀವಿ," ಎಂದು ಕಾಲರಕ್ಕ ಮೆಟ್ಟಿಲ ಮೇಲೆ ಕಾಲಿಟ್ಟಳು. "ಸರೀರಿ ಅತ್ತಾಗ. ಏನೇನ್ ಮಾತಾಡ್ಕೋತ ಬಂದೀರಿ ಇಲ್ಲಿತನಕ? ಎಲ್ಲಾ ಮೊದ್ಲಿಂದ ಹೇಳ್ರಿ. ಇನ್ಮುಂದ ವಾಡಿ ಬರೂತನಕ ಏನ್ ಬೇಕಾದ್ ಮಾತಾಡ್ರಿ, ಖಾಯಂ ಮಾಡಬ್ಯಾಡ್ರಿ."

ತೋಳಿನಕ್ಕ ಟವೆಲು, ಚೀಲ, ಸೆರಗು ಎಲ್ಲ ಎಳೆದುಕೊಂಡಳು. ಮೂವರ ಜಾಗದಲ್ಲಿ ಐವರು ಕೂತೆವು. ಎಷ್ಟು ದಿನ ಹಾಗೆ ಬಂದರು? ಕಾಲರಕ್ಕ ಮೂರು ಎನ್ನುತ್ತಾಳೆ, ನನ್ನ ನೆನಪಿನಲ್ಲಿ ಇಡೀ ಬೇಸಿಗೆ. ವಾಡಿಯಿಂದ ಶಹಾಬಾದಿನ ಹತ್ತು ಹನ್ನೆರಡು ನಿಮಿಷದಲ್ಲಿ ಒಂದು ಮಾತು ಖಾಯಂ ಆಯಿತು, ಅದಂತೂ ನಿಜ.

ಶನಿವಾರ ಕೊನೆಯ ಅಂಗಿ ಮುಗಿದ ಮೇಲೆ ಮ್ಯಾನೇಜರು ಕಾಲರಕ್ಕನಿಗೆ "ಆಯ್ತು, ಇನ್ನ ನೀ ಹೋಗು" ಎಂದರು. ಅವಳು ಹೋಗಲಿಲ್ಲ. ನಾನು ಕೈಯಲ್ಲಿದ್ದ ಕಾಲರನ್ನು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಇಟ್ಟೆ. ಉಡಿಯಲ್ಲಿ ಅಲ್ಲ. ತೋಳು ನಿಂತಿತು. ಕಿಸೆ ನಿಂತಿತು. ಭಂಕೂರಿನ ಹೆಗಲು, ಶಹಾಬಾದಿನ ಗುಂಡಿ, ಕಾಜಾ, ಎಲ್ಲ ನಿಂತವು. ಗೋಡೆಯ ಮೇಲಿನ ಫ್ಯಾನಿನ ಸದ್ದು ಆವತ್ತು ಮೊದಲ ಸಲ ಕೇಳಿದೆ. ಒಂದು ತಾಸು ಬೇಕಾಗಲಿಲ್ಲ. ಮ್ಯಾನೇಜರು ಈ ತುದಿಯಿಂದ ಆ ತುದಿಗೆ ನಡೆದರು, ತಿರುಗಿ ಬಂದರು. ಕಾಲರಕ್ಕನ ಖಾಲಿ ಮಷೀನಿನ ಮುಂದೆ ನಿಂತು, "ಕುಂದ್ರು" ಎಂದರು.

ಅವಳು ಸ್ಟೂಲು ಎಳೆದುಕೊಂಡು ಕೂತಳು. ಮೊದಲು ಮಷೀನಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

ಬರೆದದ್ದನ್ನೆಲ್ಲ ಮೊನ್ನೆ ಊಟದ ಹೊತ್ತಿಗೆ ಅವಳಿಗೆ ಓದಿದೆ. ಅವಳು ಡಬ್ಬಿ ಮುಚ್ಚುತ್ತಾ ಕೇಳಿದಳು. ಕಣ್ಸನ್ನೆಯ ಮಾತು ಬಂದಾಗ ತಡೆದಳು.

"ನೀ ಸನ್ನಿ ಮಾಡ್ಲಿಲ್ಲ."

"ತಗದು ಹಾಕ್ಲೇನಕ್ಕ?"

"ಬ್ಯಾಡ. ನಿಂದೂ ಇರ್ಲಿ, ನಂದೂ ಇರ್ಲಿ. ಓದಾವ್ರು ಬರೋಬ್ಬರಿ ಮಾಡ್ಕೋತಾರ."

ಇನ್ನೊಂದು ಸಾಲನ್ನು ಮಾತ್ರ ಅವಳು ಹೊಡೆದು ಹಾಕಿಸಿದಳು. ಆ ದಿನದಿಂದ ಇವತ್ತಿನವರೆಗೂ ನಾನು ಇಟ್ಟ ಪ್ರತಿಯೊಂದು ಕಾಲರನ್ನೂ ಅವಳು ಹೊಲಿಯುವ ಮೊದಲು ತಿರುಗಿಸಿ ನಂಬರು ನೋಡುತ್ತಾಳೆ. ಅದನ್ನು ನಾನು, ಅವಳಿಗೆ ನನ್ನ ಮೇಲೆ ಮತ್ತೆಂದೂ ನಂಬಿಕೆ ಹುಟ್ಟಲಿಲ್ಲ ಎಂದು ಬರೆದಿದ್ದೆ.

"ಏ ಹುಚ್ಚಿ," ಎಂದಳು. "ನಂಬಿಕಿ ಇಲ್ದ ಮಂದಿ ಬಾಜೂಕ ಇಷ್ಟ್ ವರ್ಷ ಯಾರ್ ಕುಂದರ್ತಾರ? ಇಬ್ಬರು ನೋಡಿದ್ರ ತಪ್ಪಂಗಿಲ್ಲ, ಅದಕ್ಕ ನೋಡ್ತೀನಿ. ಮೊದ್ಲೇ ನೋಡಬೇಕಿತ್ತು."

ಊಟದ ಗಂಟೆ ಮುಗಿಯಿತು. ಚಿತ್ತಾಪುರದ ಆ ಹೊಸ ಹುಡುಗಿ ಬಾಗಿಲಲ್ಲಿ ನಿಂತು, ನಾಳೆಯ ಸಭೆಗೆ ಬಸ್ಸಿನವರೆಲ್ಲ ಒಂದು ಮಾತು ಗೊತ್ತು ಮಾಡಿಕೊಂಡು ಬಂದಿದ್ದೇವೆ ಎಂದಳು. ಕಾಲರಕ್ಕ ಮಷೀನಿಗೆ ಕೂರುತ್ತಾ ಅವಳ ಕಡೆ ನೋಡಿದಳು.

"ಗೊತ್ತ್ ಮಾಡಿದ್ರೇನು ಆಗ್ಲೇ? ಈ ಜೋಡಿ ಬರದಾಳ ನೋಡು, ಅದು ಓದು ಮೊದ್ಲ. ಆಮ್ಯಾಲ ನಾಳಿಗಿ ಎಲ್ಲಾರ ಮುಂದ ಹೇಳು."

ನಾನು ಹಾಳೆಗಳನ್ನು ಹುಡುಗಿಯ ಕೈಗೆ ಕೊಟ್ಟು, ನಂಬರು ನೋಡಿ, ಮೈಯ ಮೇಲೆ ಕಾಲರಿಟ್ಟು ಬಲಕ್ಕೆ ಸರಿಸಿದೆ. ಕಾಲರಕ್ಕ ಅದನ್ನು ತಿರುಗಿಸಿ ನೋಡಿದಳು. ಆಮೇಲೆ ಹೊಲಿದಳು.